ಕೆಂಪು ಹೆಲ್ಮೆಟ್

ತಾಳೆತೋಟದ ನಾಲ್ಕನೇ ವಿಭಾಗದ ಲೈನ್‌ಮನೆ,
ಲಬುಹಾನ್ ಬಾತು, ಸುಮಾತ್ರ
ಆಗಸ್ಟ್ ೧೮, ಭಾನುವಾರ ಮಧ್ಯಾಹ್ನ

ಪಾಲುಪಿಯ ಅಪ್ಪನಿಗೆ ಪಾಲುಪಿಯ ಅಮ್ಮನ ಸಲಾಮು.

ಹೇಗಿದ್ದೀರಿ? ಬಲಭುಜ ಈಗಲಾದರೂ ಕಿವಿಯ ಮಟ್ಟಕ್ಕೆ ಏಳುತ್ತಿದೆಯೇ? ಬೆಳಗ್ಗೆ ಎದ್ದಾಗ ಬೆರಳು ಮಡಚಲು ಬರುತ್ತದೆಯೇ, ಇಲ್ಲ ಇನ್ನೂ ಬಿಸಿನೀರಿನಲ್ಲಿ ಅದ್ದಿಕೊಂಡು ಕೂರಬೇಕೇ? ಅಲ್ಲಿ ಜಾವಾದಲ್ಲಿ, ವೊನೊಗಿರಿಯ ಗುಡ್ಡದಲ್ಲಿ ಈ ತಿಂಗಳು ಚಳಿ ಎಂದು ನೀವೇ ಹೇಳುತ್ತಿದ್ದಿರಿ, ನಿಮ್ಮ ಅಣ್ಣ ಒಂದು ಕಂಬಳಿ ಕೊಟ್ಟಿದ್ದಾರೆಯೇ? ಅತ್ತಿಗೆ ಹೊಟ್ಟೆ ತುಂಬ ಅನ್ನ ಬಡಿಸುತ್ತಾರೋ, ಮರಗೆಣಸಿನಲ್ಲೇ ಸಾಗಹಾಕುತ್ತಾರೋ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಏಳು ವಾರದಿಂದ ದಿನಾ ಸಂಜೆ ನೀರಿನ ಟ್ಯಾಂಕಿನ ದಿಬ್ಬ ಹತ್ತಿ, ಕೈ ಮೇಲೆ ಹಿಡಿದು ಸಿಗ್ನಲ್ ಹುಡುಕಿ, ನಿಮ್ಮ ಫೋನು ಬಂದ್ ಆಗಿದೆ ಎಂದು ರೆಕಾರ್ಡಿನ ಆ ಹೆಂಗಸು ಹೇಳುವುದನ್ನು ಕೇಳಿ ಇಳಿದು ಬರುತ್ತೇನೆ. ಅದಕ್ಕೇ ಈ ಕಾಗದ. ಕಾಗದಕ್ಕೆ ಸ್ವಿಚ್ ಇಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ಓದಿಯೇ ಓದುತ್ತೀರಿ, ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ. ಹಿಂದಿನ ಸಾಲಿನ ಕಸ್ಮಿನ್ ನಾಳೆ ಬೆಳಗ್ಗೆ ಊರಿಗೆ ಹೊರಟಿದ್ದಾನೆ. ನಿಮ್ಮ ಅಣ್ಣನ ಮನೆ ದಾರಿಯಲ್ಲೇ ಬರುತ್ತದಂತೆ, ಅವನ ಕೈಯಲ್ಲಿ ಕೊಡುತ್ತೇನೆ.

ನಾವು ಕ್ಷೇಮ ಎಂದು ಬರೆಯಬೇಕಲ್ಲ, ಬರೆದಿದ್ದೇನೆ ಎಂದುಕೊಳ್ಳಿ. ಪಾಲುಪಿ ಒಂಬತ್ತನೇ ತರಗತಿಗೆ ಹೋಗುತ್ತಿದ್ದಾಳೆ. ಮೊಂಡು ಮೂಗೂ ನಿಮ್ಮದೇ, ಮೊಂಡುತನವೂ ನಿಮ್ಮದೇ. ಅಪ್ಪ ಯಾವಾಗ ಬರುತ್ತಾರೆ ಎಂದು ಕೇಳುವುದನ್ನು ಬಿಟ್ಟುಬಿಟ್ಟಿದ್ದಾಳೆ, ನನಗೆ ಅದೇ ಹೆದರಿಕೆ. ನಿಮ್ಮ ಅಮ್ಮ ಬಿಟ್ಟಿಲ್ಲ. ಜಗಲಿಯಲ್ಲಿ ಕಾಲು ಚಾಚಿ ಕೂತು, ಎಲೆಗೆ ಸುಣ್ಣ ಸವರುತ್ತ, ದಿನಾ ಒಂದೇ ಪ್ರಶ್ನೆ: "ಇನ್ನೂ ಮದ್ವೆ ಮುಗಿದಿಲ್ವೇನೇ? ಎಂಥಾ ಮದ್ವೆನೇ ಅದು, ಏಳು ವಾರದ್ದು?" ಅಣ್ಣನ ಮಗಳ ಮದುವೆಗೆಂದು ಒಂದು ವಾರ ರಜೆ ಬರೆದುಕೊಟ್ಟು ಹೋದವರು ನೀವು. "ಬೀಗರು ಬಿಡ್ತಾನೇ ಇಲ್ವಂತೆ ಅತ್ತೆ, ಸೊಸೆಗಿಂತ ಇವರೇ ಇಷ್ಟ ಆಗ್ಬಿಟ್ಟಿದಾರಂತೆ" ಎಂದು ನಾನು ಹೇಳುತ್ತೇನೆ. ಅವರು ನಗುತ್ತಾರೆ. ಆಮೇಲೆ ಆ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಾರೆ. ಮುದುಕಿಗೆ ಎಲ್ಲ ಗೊತ್ತು, ನನ್ನ ಮಾನ ಉಳಿಸಲು ಕೇಳುತ್ತಾರೆ, ಅಷ್ಟೆ.

ನಿನ್ನೆ ಸ್ವಾತಂತ್ರ್ಯ ದಿನ. ಪ್ರತಿ ವರ್ಷದ ಹಾಗೆ ಚೀಲದ ಓಟ, ದಾರಕ್ಕೆ ತೂಗಿದ ಹಪ್ಪಳ ಕೈ ಮುಟ್ಟದೆ ತಿನ್ನುವುದು, ಕೊನೆಯಲ್ಲಿ ಗ್ರೀಸು ಬಳಿದ ಕಂಬ ಹತ್ತುವುದು ಎಲ್ಲ ಆಯಿತು. ನಮ್ಮ ವಿಭಾಗದವರು ಮೂರು ಸಲ ಜಾರಿ ಒಬ್ಬರ ಮೇಲೊಬ್ಬರು ಬಿದ್ದರು. ಕಂಬದ ತುದಿಯ ಬಕೆಟ್ಟು, ಟೀ ಶರ್ಟು, ಫ್ಯಾನು ಎಲ್ಲ ಮೂರನೇ ವಿಭಾಗದವರ ಪಾಲು. "ಸಗಿಮನ್ ಇದ್ದಿದ್ರೆ ನೋಡ್ಬೇಕಿತ್ತು, ಅವನು ಕುಳ್ಳ ಆದ್ರೂ ಬುಡದಲ್ಲಿ ಬಂಡೆ ಇದ್ದಂಗೆ ಇರ್ತಿದ್ದ" ಎಂದು ಎಲ್ಲರೂ ಹಲುಬಿದರು. ಹನ್ನೊಂದು ವರ್ಷ ನಿಮ್ಮ ಹೆಗಲ ಮೇಲೆ ಎರಡು ಹೆಗಲು, ಅದರ ಮೇಲೆ ಮತ್ತೆರಡು. ಬಹುಮಾನ ಕಿತ್ತವರ ಫೋಟೋ ಕಚೇರಿಯ ಗೋಡೆಯಲ್ಲಿದೆ, ಬುಡದಲ್ಲಿದ್ದವನದು ಇಲ್ಲ. ನಮ್ಮ ವಿಭಾಗದ ಅಸಿಸ್ಟೆಂಟ್ ಸಾಹೇಬರು ಮೈಕಿನಲ್ಲಿ "ಇದೇ ಒಗ್ಗಟ್ಟು, ಇದೇ ನಮ್ಮ ಕುಟುಂಬ" ಎಂದು ಕೂಗುತ್ತಿದ್ದರು. ಅಲ್ಲೇ ಉಗುಳಬೇಕು ಅನ್ನಿಸಿತು, ಬಾಯಲ್ಲಿ ಹಪ್ಪಳವಿತ್ತು.

ನನಗೆ ನೆನಪಾಗುವುದು ನೀವು ಮೇಸ್ತ್ರಿಯಾಗುವ ಮೊದಲಿನ ದಿನಗಳು. ನೀವು ದೋಟಿ ಎತ್ತಿ ತಾಳೆಗೊನೆ ಕೊಯ್ಯುತ್ತಿದ್ದಿರಿ, ನಾನು ಗರಿ ಎಳೆದು ಒಟ್ಟುತ್ತಿದ್ದೆ, ಉದುರಿದ ಹಣ್ಣು ಹೆಕ್ಕುತ್ತಿದ್ದೆ. ಹೆಸರು ನಿಮ್ಮೊಬ್ಬರದು, ಮೈ ಇಬ್ಬರದು. ಇಲ್ಲಿ ಎಲ್ಲರ ಮನೆಯಲ್ಲೂ ಹಾಗೇ, ಹೆಂಡತಿ ಜೊತೆಗೆ ಹೋಗದಿದ್ದರೆ ದಿನದ ಗೊನೆ ತುಂಬುವುದಿಲ್ಲ. ಆದರೂ ಆಗ ನಗುವುದಕ್ಕೆ ಉಸಿರಿತ್ತು. ಗೊನೆ ಬೀಳುವ ಮೊದಲು "ಮಹಾರಾಣಿ, ಪಕ್ಕಕ್ಕೆ ಸರೀರಿ!" ಎಂದು ಕೂಗುತ್ತಿದ್ದಿರಿ. ಊಟಕ್ಕೆ ಕೂತಾಗ ಉಪ್ಪುಮೀನಿನ ತಲೆ ನನಗೆ ಕೊಟ್ಟು, ತಲೆ ಇರುವವರಿಗೆ ತಲೆ ಬೇಡವೇನೆ ಎಂದು ರೇಗಿಸುತ್ತಿದ್ದಿರಿ. ವಿಭಾಗದ ಅತ್ಯುತ್ತಮ ಕೊಯ್ಲುಗಾರ ಎಂದು ನಿಮಗೆ ಗಾಜಿನ ಫಲಕ ಬಂದ ವರ್ಷವೇ ನಮ್ಮ ಗ್ರಹಚಾರ ಕೆಟ್ಟಿದ್ದು. ಚೆನ್ನಾಗಿ ಕೊಯ್ಯುವವನು ಚೆನ್ನಾಗಿ ಕೊಯ್ಯಿಸುತ್ತಾನೆ ಎಂದು ಅವರಿಗೆ ಯಾರು ಹೇಳಿಕೊಟ್ಟರೋ. ನೀವು ಮೇಸ್ತ್ರಿಯಾದಿರಿ, ನಾನು ಹೆಂಗಸರ ಗುಂಪಿನಲ್ಲಿ ದಿನಗೂಲಿಯಾದೆ. ದೋಟಿ ಅಟ್ಟ ಸೇರಿತು.

ಅಸಿಸ್ಟೆಂಟ್ ಸಾಹೇಬರು ಮೇದಾನ್ ಪಟ್ಟಣದ ಹೋಟೆಲಿನಲ್ಲಿ ಮೂರು ದಿನ ನಾಯಕತ್ವದ ತರಬೇತಿ ಪಡೆದು ಬಂದದ್ದು ಆಮೇಲೆ. ಅಲ್ಲಿಂದ ಎರಡು ವಸ್ತು ತಂದರು: ಒಂದು ಘೋಷಣೆ, ಒಂದು ಕೆಂಪು ಹೆಲ್ಮೆಟ್. ಬೆಳಗ್ಗೆ ಐದೂವರೆಯ ಹಾಜರಿಯಲ್ಲಿ ಮೇಸ್ತ್ರಿ ಮುಂದೆ ನಿಂತು "ದಣಿದಿದ್ದೀರಾ?" ಎಂದು ಕೂಗಬೇಕು, ಎಪ್ಪತ್ತು ಜನ ಮುಷ್ಟಿ ಎತ್ತಿ "ಇಲ್ಲಾ!" ಅನ್ನಬೇಕು. "ನಾವು ಯಾರು?" "ಒಂದೇ ಕುಟುಂಬ!" ಮೊದಲ ದಿನ ನೀವು ನಾಚಿಕೊಂಡು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ್ದಿರಿ, ನೆನಪಿದೆಯೇ? ಆರು ತಿಂಗಳಲ್ಲಿ ಆ ಕಣ್ಣು ಮಿಟುಕಿಸುವುದೂ ನಿಂತಿತು. ಸಂಜೆ ಮನೆಗೆ ಬಂದು ಬೂಟು ಬಿಚ್ಚದೆ ಕುರ್ಚಿಯಲ್ಲಿ ಕೂರುತ್ತಿದ್ದಿರಿ. ಅನ್ನ ಆರಿ ಹೋಗುತ್ತಿತ್ತು. ಒಮ್ಮೆ ನಾನು ಟೀ ಬೇಕಾ ಎಂದು ಕೇಳಿದ್ದಕ್ಕೆ "ಇಲ್ಲಾ!" ಎಂದು ಹಾಜರಿಯಲ್ಲಿ ಕೂಗುವ ಹಾಗೆ ಕೂಗಿದಿರಿ. ಪಾಲುಪಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ನೀವು ನಗಲಿಲ್ಲ, ನಮ್ಮನ್ನು ಯಾರೋ ಪರಿಚಯವಿಲ್ಲದವರ ಹಾಗೆ ನೋಡಿದಿರಿ. ಅವತ್ತೇ ನಾನು ನಿಮ್ಮನ್ನು ಹಿಡಿದು ಕೂರಿಸಿ ಮಾತನಾಡಿಸಬೇಕಿತ್ತು. ಮಾತನಾಡಿಸಲಿಲ್ಲ. ನನಗೂ ಸೊಂಟ ಬಿದ್ದು ಹೋಗಿತ್ತು, ಮಲಗಿಬಿಟ್ಟೆ.

ಇನ್ನು ಆ ಹೆಲ್ಮೆಟ್ಟಿನ ವಿಷಯ. ಏಳು ವಾರ ಬಾಯಿ ಕಟ್ಟಿಕೊಂಡಿದ್ದೇನೆ, ಇವತ್ತು ಬರೆದೇ ಬರೆಯುತ್ತೇನೆ, ಬೇಕಾದರೆ ಕಿವಿ ಮುಚ್ಚಿಕೊಂಡು ಓದಿ. ಹಿಂದಿನ ದಿನ ಯಾರ ಕೆಲಸದಲ್ಲಿ ತಪ್ಪು ಸಿಕ್ಕಿತೋ ಅವರ ತಲೆಗೆ ಬೆಳಗಿನ ಹಾಜರಿಯಲ್ಲಿ ಮೇಸ್ತ್ರಿ ತನ್ನ ಕೈಯಾರೆ ಅದನ್ನು ಇಡಬೇಕು, ಅವರು ಮುಂದಿನ ಸಾಲಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕು, ಸಂಜೆಯವರೆಗೆ ತೋಟದಲ್ಲಿ ಅದನ್ನೇ ಹಾಕಿಕೊಂಡು ತಿರುಗಬೇಕು. ಮರದ ಪಾತಿಯಲ್ಲಿ ಐದು ಹಣ್ಣಿಗಿಂತ ಹೆಚ್ಚು ಉಳಿದರೆ ತಪ್ಪು. ಆ ಗುರುವಾರ ಲಾಸ್ಮಿಗೆ ಏನಾಗಿತ್ತು ಎಂದು ನಿಮಗೆ ಗೊತ್ತು. ನಿಮ್ಮ ಅಮ್ಮನಿಗೆ ಜ್ವರ ಬಂದಾಗ ಮೂರು ದಿನ ಗಂಜಿ ಕಾಯಿಸಿಕೊಟ್ಟವಳು, ಪಾಲುಪಿಯ ಹೆರಿಗೆಯಲ್ಲಿ ನನ್ನ ಬೆನ್ನು ಹಿಡಿದು ಕೂತವಳು. ಅವಳಿಗೆ ತಿಂಗಳುಗಟ್ಟಲೆ ನಿಲ್ಲದೆ ರಕ್ತ ಹೋಗುತ್ತಿತ್ತು. ಮುಟ್ಟಿನ ರಜೆ ಎರಡು ದಿನ ಕಾನೂನಿನಲ್ಲಿದೆ ಎಂದು ಗೋಡೆಯಲ್ಲಿ ಅಂಟಿಸಿದ್ದಾರೆ, ಆದರೆ ಅದು ಬೇಕಾದರೆ ಕ್ಲಿನಿಕ್ಕಿನ ಆ ಗಂಡಸಿಗೆ ತೋರಿಸಿ ಚೀಟಿ ತರಬೇಕು. ಯಾವ ಹೆಂಗಸು ಹೋಗುತ್ತಾಳೆ? ಹನ್ನೊಂದು ಗಂಟೆಗೆ ಅವಳು ಮರಕ್ಕೆ ಒರಗಿ ಕುಸಿದಳು. ನಾನು ಅವಳನ್ನು ಒಣಗರಿಯ ರಾಶಿಯ ನೆರಳಿಗೆ ಎಳೆದು ಮಲಗಿಸಿ, ನನ್ನ ಸಾಲಿನ ಜೊತೆಗೆ ಅವಳ ಎರಡು ಸಾಲನ್ನೂ ಹೆಕ್ಕತೊಡಗಿದೆ. ಮುಗಿಯಲಿಲ್ಲ. ಟ್ರಾಕ್ಟರ್ ಬರುವ ಹೊತ್ತಾಯಿತು ಎಂದು ಉಳಿದ ಹಣ್ಣನ್ನು ಗುಡಿಸಿ ಗರಿಯ ರಾಶಿಯೊಳಗೆ ತಳ್ಳಿದೆ. ಎಲ್ಲ ಹೆಂಗಸರೂ ಎಂದಾದರೊಮ್ಮೆ ಮಾಡುವುದೇ. ಅವತ್ತೇ ಆ ಪುಣ್ಯಾತ್ಮ ಸಾಹೇಬರು ಬೈಕು ನಿಲ್ಲಿಸಿ, ಕೋಲಿನಿಂದ ಗರಿ ಎತ್ತಿ ನೋಡಬೇಕೇ!

ಸಾಲು ಯಾರದೆಂದು ಕೇಳಿದರು. ನಂದು ಎಂದೆ. ಬೆಳಗ್ಗೆ ಸಾಲು ಹಂಚಿದವರು ನೀವು, ಅದು ಲಾಸ್ಮಿಯದೆಂದು ನಿಮಗೆ ಗೊತ್ತಿತ್ತು. ನನ್ನ ಮುಖ ನೋಡಿದಿರಿ, ಸುಮ್ಮನಿರಿ ಎಂದು ನಾನು ಕಣ್ಣಲ್ಲೇ ಹೇಳಿದೆ, ಅದೂ ನಿಜ. ಆದರೆ ಮಾರನೆಯ ದಿನ ಎಪ್ಪತ್ತು ಜನರ ಮುಂದೆ "ಇದನ್ನ ನಾನು ಮಾಡಲ್ಲ ಸಾಹೇಬ್ರೆ" ಎಂದು ಒಂದು ಮಾತು ಬರಲಿಲ್ಲವಲ್ಲ ನಿಮ್ಮ ಬಾಯಿಂದ! ನಾನು ನಿಮಗಿಂತ ಒಂದು ಗೇಣು ಉದ್ದ. ನೀವು ಕೈ ಎತ್ತಿದಿರಿ, ಹಾಳು ಬಲಭುಜ ಅರ್ಧಕ್ಕೇ ನಿಂತಿತು, ನನ್ನ ನೆತ್ತಿಗೆ ಎಟುಕಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ನಾನೇ ತಲೆ ಬಗ್ಗಿಸಿದೆ. ಇಟ್ಟಿರಿ. ಗದ್ದದ ಪಟ್ಟಿ ಸಿಕ್ಕಿಸುತ್ತ ನನಗೆ ಮಾತ್ರ ಕೇಳುವ ಹಾಗೆ "ಬಿಗಿ ಆಯ್ತೇನೆ?" ಎಂದಿರಿ. ಬಿಗಿ ಆಯ್ತೇನೆ! ಹದಿನಾರು ವರ್ಷ ಜೊತೆಗೆ ಬಾಳಿದ ಹೆಂಡತಿಗೆ ಹೇಳಲು ನಿಮಗೆ ಸಿಕ್ಕಿದ್ದು ಅದೊಂದೇ ಮಾತೇ? ಆಮೇಲೆ ತಿರುಗಿ "ದಣಿದಿದ್ದೀರಾ?" ಎಂದು ಕೂಗಿದಿರಿ. ನಾನು ಇಲ್ಲಾ ಎನ್ನಲಿಲ್ಲ, ತುಟಿ ಅಲ್ಲಾಡಿಸಿದೆ, ಅಷ್ಟೆ. ಭಾನುವಾರ ಚೀಲ ಹಿಡಿದು ಮದುವೆಗೆ ಎಂದು ಹೊರಟಿರಿ. ಬಾಗಿಲಲ್ಲಿ ನಿಂತು ಕಾದಿರಿ. ನಾನು ಒಲೆಯ ಮುಂದಿನಿಂದ ಏಳಲಿಲ್ಲ, ಅದೊಂದು ನನ್ನ ತಪ್ಪು. ಅದೊಂದೇ.

ಈಗ ಮನೆಯ ವಿಷಯ. ಈ ಎರಡು ಕೋಣೆ ಕಾಯಂ ಕೆಲಸದವನಿಗೆ ಕೊಟ್ಟದ್ದು, ದಿನಗೂಲಿ ಹೆಂಗಸಿಗಲ್ಲ. ತಿಂಗಳ ಕೊನೆಯೊಳಗೆ ನೀವು ಹಾಜರಿಗೆ ನಿಲ್ಲದಿದ್ದರೆ ಖಾಲಿ ಮಾಡಬೇಕು. ನಿಮ್ಮ ಅಮ್ಮನನ್ನು, ಪಾಲುಪಿಯನ್ನು ಕರೆದುಕೊಂಡು ನಾನು ಎಲ್ಲಿಗೆ ಹೋಗಲಿ? ಶಾಲೆಯ ಬಸ್ಸೂ ಲೈನ್‌ಮನೆಯ ಮಕ್ಕಳಿಗೇ. ಮೊನ್ನೆ ಶುಕ್ರವಾರ ಅಸಿಸ್ಟೆಂಟ್ ಸಾಹೇಬರೇ ಜಗಲಿಗೆ ಬಂದು ಕೂತರು. ಇಪ್ಪತ್ತಾರು ವರ್ಷದ ಹುಡುಗ, ಹೊಟ್ಟೆ ಹುಣ್ಣಿಗೆ ಮಾತ್ರೆ ನುಂಗುತ್ತ, ನಿಮಿಷಕ್ಕೊಮ್ಮೆ ಫೋನು ನೋಡುತ್ತ. ಆರೂಕಾಲಿನೊಳಗೆ ಹಾಜರಿಯ ಫೋಟೋ ಮೇಲಿನವರಿಗೆ ಮುಟ್ಟದಿದ್ದರೆ ಅವರಿಗೂ ಫೋನಿನ ಗುಂಪಿನಲ್ಲಿ ಎಲ್ಲರ ಮುಂದೆ ಬೈಗುಳವಂತೆ. ನೋಡಿ ಅಯ್ಯೋ ಅನ್ನಿಸಿತು, ಮರುಕ್ಷಣ ನನ್ನ ಮೇಲೇ ಸಿಟ್ಟು ಬಂತು. "ಪಾಲುಪಿ ಅಮ್ಮಾ, ಹೆಂಗಸರು ನಿಮ್ಮ ಮಾತು ಕೇಳ್ತಾರೆ. ನೀವೇ ಮೇಸ್ತ್ರಿ ಆಗ್ಬಿಡಿ. ಕಾಯಂ ಮಾಡಿಸ್ತೀನಿ, ಮನೆ ನಿಮ್ಮ ಹೆಸ್ರಿಗೇ ಬರತ್ತೆ. ನಾವೆಲ್ಲ ಒಂದೇ ಕುಟುಂಬ ಅಲ್ವಾ?" ಎಂದರು. ಅವರ ಚೀಲದ ಬಾಯಿಂದ ಆ ಕೆಂಪು ಇಣುಕುತ್ತಿತ್ತು. ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಯೋಚಿಸುವುದು ಏನು ಮಣ್ಣು! ಆ ದರಿದ್ರದ ಹೆಲ್ಮೆಟ್ಟನ್ನು ಇನ್ನೊಬ್ಬಳ ತಲೆಗೆ ಇಡುವ ಕೈ ನನ್ನದಲ್ಲ. ಉಪವಾಸ ಬಿದ್ದೇನು, ಅದನ್ನು ಮಾತ್ರ ಮಾಡಲಾರೆ. ನಿಮ್ಮಂಥ ಕಲ್ಲೆದೆ ನನಗೆ ದೇವರು ಕೊಟ್ಟಿಲ್ಲ.

ಆದ್ದರಿಂದ ನೀವು ಬನ್ನಿ. ಮೇಸ್ತ್ರಿಯಾಗಿ ಅಲ್ಲ, ಮೊದಲಿನ ಹಾಗೆ ಕೊಯ್ಯುವವರಾಗಿ ಬನ್ನಿ. ಸಾಹೇಬರನ್ನು ಕೇಳಿದ್ದೇನೆ, ಆಗಲಿ ಎಂದಿದ್ದಾರೆ. ಹದಿಮೂರು ದಿನ ಕೈಯಲ್ಲಿದೆ, ಬಸ್ಸಿಗೆ ಮೂರು ದಿನ. ಅಟ್ಟದಿಂದ ದೋಟಿ ಇಳಿಸಿ ಕತ್ತಿಗೆ ಎಣ್ಣೆ ಹಚ್ಚಿಟ್ಟಿದ್ದೇನೆ. ಭುಜ ಏಳದಿದ್ದರೆ ಮೊದಲು ಗಿಡ್ಡ ಮರಗಳ ಸಾಲು ಕೇಳೋಣ, ಭಾರದ್ದು ನಾನು ಎಳೆಯುತ್ತೇನೆ. ಮಾತನಾಡದಿದ್ದರೆ ಆಡಬೇಡಿ, ಕುರ್ಚಿಯಲ್ಲಿ ಸುಮ್ಮನೆ ಕೂರಿ, ನಾನೇ ಬೂಟು ಬಿಚ್ಚುತ್ತೇನೆ. ನಿಮ್ಮ ಮೇಲೆ ಸಿಟ್ಟು ಹೋಗಿಲ್ಲ, ಹೋಗುವುದೂ ಇಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕಾದರೂ ಮನುಷ್ಯ ಎದುರಿಗೆ ಬೇಕಲ್ಲ.

ಅಣ್ಣನಿಗೆ, ಅತ್ತಿಗೆಗೆ ನನ್ನ ಸಲಾಮು ಹೇಳಿ. ಮದುಮಗಳಿಗೆ, ಗಂಡನನ್ನು ಮೇಸ್ತ್ರಿಯಾಗಲು ಬಿಡಬೇಡ ಎಂದು ಚಿಕ್ಕಮ್ಮ ಹೇಳಿದಳು ಎನ್ನಿ. ನಿಮ್ಮ ಅಮ್ಮ ನಿಮ್ಮ ಹೆಸರು ಹಿಡಿದು ಐದು ಹೊತ್ತೂ ಬೇಡಿಕೊಳ್ಳುತ್ತಾರೆ. ದೇವರು ನಿಮ್ಮ ಮೈಗೆ ಬಲ, ಕಣ್ಣಿಗೆ ನಿದ್ದೆ ಕೊಡಲಿ.

ನಿಮ್ಮ
ಪಾರ್ತಿನಿ

ಸೋಮವಾರ, ಬೆಳಗ್ಗೆ ಏಳು ಗಂಟೆ.

ಮರೆತದ್ದು ಅಲ್ಲ, ಈಗ ಆದದ್ದು. ಕಸ್ಮಿನ್ ಬೀದಿಯಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ, ಗೀಚುತ್ತೇನೆ. ಹಾಜರಿಗೆ ಮೊದಲೇ ಸಾಹೇಬರು ಪಕ್ಕಕ್ಕೆ ಕರೆದರು. ಹೊಸ ಕುಟುಂಬದ ಲಾರಿ ಬುಧವಾರವೇ ಬರುತ್ತದಂತೆ, ಮನೆ ಅವರಿಗೋ ನನಗೋ ಈಗಲೇ ಹೇಳಬೇಕು ಎಂದರು. ಹ್ಞೂಂ ಎಂದುಬಿಟ್ಟೆ. ಮೇಸ್ತ್ರಿಯಾದೆ. ಮೊದಲ ಕೆಲಸವೆಂದು ಆ ಹೆಲ್ಮೆಟ್ ನನ್ನ ಕೈಗೇ ಕೊಟ್ಟರು. ಶುಕ್ರವಾರದ ತಪಾಸಣೆಯಲ್ಲಿ ಸಿಕ್ಕಿದ ಹೆಸರು ಲಾಸ್ಮಿಯದು. ನನ್ನ ಕೈ ನಡುಗಲಿಲ್ಲ ರೀ. ನಡುಗುತ್ತದೆ ಎಂದು ಕಾದೆ, ನಡುಗಲೇ ಇಲ್ಲ. ಪಟ್ಟಿ ಸಿಕ್ಕಿಸುವಾಗ ನನ್ನ ಬಾಯಿಂದ ಬಂದ ಮಾತು ಯಾವುದು ಗೊತ್ತೇ? "ಬಿಗಿ ಆಯ್ತೇನೆ?" ಅದೇ. ಅಲ್ಲಿ ನಿಂತರೆ ಬೇರೆ ಮಾತು ಬರುವುದಿಲ್ಲ.

ಮೇಲೆ ನಿಮ್ಮನ್ನು ಬೈದದ್ದನ್ನೆಲ್ಲ ಹೊಡೆದುಹಾಕಲು ಸಮಯವಿಲ್ಲ, ನನಗೇ ಬರೆದುಕೊಂಡದ್ದು ಎಂದು ಓದಿ. ಕೊಯ್ಲಿಗೆ ಬನ್ನಿ ಎಂದದ್ದನ್ನು ಮಾತ್ರ ಬಿಟ್ಟುಬಿಡಿ, ಕೆಲಸಕ್ಕೆ ಬರಬೇಡಿ. ಅಲ್ಲಿ ಮೂವರಿಗೆ ಜಾಗವಾಗುತ್ತದೆಯೇ ಅಣ್ಣನನ್ನು ಕೇಳಿ, ಮರಗೆಣಸಾದರೆ ಮರಗೆಣಸು, ನಾನು ನಿಮ್ಮ ಹಾಗೆ ಆಗುವ ಮೊದಲು ಬಂದು ನಮ್ಮನ್ನು ಕರೆದುಕೊಂಡು ಹೋಗಿ. ನಿಮಗಾದರೂ ನನ್ನ ಮುಖ ಕಾಣಲಿಲ್ಲ, ನಾನು ತಲೆ ಬಗ್ಗಿಸಿದ್ದೆ. ಲಾಸ್ಮಿ ನನ್ನ ಎದೆಮಟ್ಟ. ಅವಳು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು, ಸಿಟ್ಟಿಲ್ಲದೆ. ಆಮೇಲೆ ನಾನು "ದಣಿದಿದ್ದೀರಾ?" ಎಂದು ಕೂಗಿದಾಗ, ಹೊಸ ಮೇಸ್ತ್ರಿಗೆ ಅವಮಾನ ಆಗಬಾರದೆಂದು, ಎಲ್ಲರಿಗಿಂತ ಗಟ್ಟಿಯಾಗಿ "ಇಲ್ಲಾ!" ಎಂದವಳು ಅವಳೇ.